ಅವ್ವನ ಬಾಯಲ್ಲಿ ಕ್ಯಾನರೀಸ್

ಅವ್ವನಿಗೆ ಲಕ್ವಾ ಹೊಡೆದದ್ದು ಹುಕ್ಕೇರಿಯ ನಮ್ಮ ಮನೆಯಲ್ಲಿ, ಬೆಳಗಿನ ಚಹಾ ಕುಡಿಯುವಾಗ. ಕಪ್ಪು-ಬಸಿ ಕೈಜಾರಿ ಬಿದ್ದು ಒಡೆದವು. ನಾನು ಬಗ್ಗಿ ಚೂರು ಆರಿಸುತ್ತಿದ್ದಾಗ ಅವ್ವ ಏನೋ ಹೇಳಿದಳು. ತಲೆಯೆತ್ತಿ ನೋಡಿದೆ. ಬಾಯಿ ಒಂದು ಬದಿಗೆ ಎಳೆದುಕೊಂಡಿತ್ತು. ಮತ್ತೆ ಅದನ್ನೇ ಹೇಳಿದಳು. ಅದು ಇಂಗ್ಲಿಷ್. ಅರವತ್ತು ಮುಟ್ಟಿದ ನನ್ನ ಆಯುಷ್ಯದಲ್ಲಿ ಅವ್ವನ ಬಾಯಿಂದ ಒಂದು ಪೂರ್ತಿ ಇಂಗ್ಲಿಷ್ ವಾಕ್ಯ ಕೇಳಿದ್ದು ಅದೇ ಮೊದಲು. ದನಿಯೂ ಬೇರೆಯಾಗಿತ್ತು. ಸಣ್ಣದಾಗಿ, ನಯವಾಗಿ, ಯಾವುದೋ ಹುಡುಗಿ ಮಾತಾಡಿದ ಹಾಗೆ ಕೇಳಿಸಿತು.

ನನ್ನ ಗಂಡ ಹತ್ತರಗಿಯ ಹೈವೇ ಬಾಜೂ ಲಾರಿ ಬಿಡಿಭಾಗದ ಅಂಗಡಿ ಇಟ್ಟವರು. ಅಂದು ಅಂಗಡಿ ತೆಗೆಯಲು ಹೊರಟಿದ್ದವರು ಗಾಡಿ ತಿರುಗಿಸಿ ಅವ್ವನನ್ನು ಗೋಕಾಕದ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು. ಬಲಗೈ ಅಷ್ಟಿಷ್ಟು ಆಡತೊಡಗಿತು, ಬಾಯಿಯೂ ನೆಟ್ಟಗಾಯಿತು. ಕನ್ನಡ ಮಾತ್ರ ತಿರುಗಿ ಬರಲಿಲ್ಲ. ಡಾಕ್ಟರಿಗೆ ಕೇಳಿದೆ. ತಲೆಯೊಳಗೆ ರಕ್ತ ಸರಿಯಾಗಿ ಹರಿಯದಿದ್ದರೆ ಕೆಲವರಿಗೆ ಹೀಗಾಗುತ್ತದೆ ಎಂದರು. ನಡುವೆ ಕಲಿತದ್ದು ಅಳಿಸಿಹೋಗಿ ಹುಟ್ಟಿದಾಗಿನ ಮಾತು ಉಳಿಯುತ್ತದೆ, ಇತ್ತೀಚಿನ ನೆನಪು ಹೋಗಿ ಹಳೆಯದು ಉಳಿಯುತ್ತದೆ. ತಿರುಗಿ ಬರುತ್ತದೋ ಇಲ್ಲವೋ ಖಾತ್ರಿ ಕೊಡಲಾರೆ ಎಂದರು.

ಅವ್ವನ ಹುಟ್ಟಿದಾಗಿನ ಮಾತು ಇಂಗ್ಲಿಷ್ ಎನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅದು ನನ್ನ ಬದುಕಿಗೆ ಸಂಬಂಧವಿಲ್ಲದ ಸಂಗತಿಯಾಗಿತ್ತು. ಅವಳು ಹುಟ್ಟಿದ್ದು ಗೋಕಾಕ ಫಾಲ್ಸಿನ ಗಿರಣಿಯ ಕ್ವಾರ್ಟರ್ಸಿನಲ್ಲಿ. ಅವಳ ಅಪ್ಪ ಅಲ್ಲಿ ನೇಯ್ಗೆ ವಿಭಾಗದ ಮೇಲ್ವಿಚಾರಕ. ಕೊಣ್ಣೂರಿನಿಂದ ಕೆಲಸಕ್ಕೆ ಬರುವ ಜನ ಅವನನ್ನು ಎದುರಿಗೆ ಸಾಹೇಬ ಎನ್ನುತ್ತಿದ್ದರು, ಹಿಂದೆ ಆಂಗ್ಲೋ ಎನ್ನುತ್ತಿದ್ದರು. ಮೂಡಲಗಿಯ ಒಕ್ಕಲುತನದ ಮನೆಯಿಂದ ಬಂದ ನನ್ನ ಅಪ್ಪ ಅದೇ ಗಿರಣಿಯಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದ. ಅವ್ವ-ಅಪ್ಪ ಹೇಗೆ ಕೂಡಿದರು ಎಂಬುದನ್ನು ಮನೆಯಲ್ಲಿ ಯಾರೂ ನನಗೆ ಹೇಳಲಿಲ್ಲ. ಲಗ್ನವಾದ ಮೇಲೆ ಅವಳ ಅಪ್ಪ ಮಗನೊಬ್ಬನನ್ನೇ ಕರೆದುಕೊಂಡು ಆಸ್ಟ್ರೇಲಿಯಾಕ್ಕೆ ಹೋದ. ಆಮೇಲೆ ಸುದ್ದಿಯಿಲ್ಲ.

ಮೂಡಲಗಿಯ ಮನೆಯ ಹೊಸ್ತಿಲಲ್ಲಿ ಅಜ್ಜಿ ಅವ್ವನಿಗೆ ಹೇಳಿದ್ದು ಮಾತ್ರ ಇಡೀ ಓಣಿಗೆ ಗೊತ್ತಿದ್ದ ಮಾತು.

"ಈ ಮನ್ಯಾಗ ಇರಾಕ ಬಂದಿದ್ರ ಈ ಮನಿ ಮಾತ ಆಡಬೇಕ. ಆ ಮಾತ ಹೊರಗ ಬಿಟ್ಟ ಬಾ."

ಅವ್ವ ಬಿಟ್ಟು ಬಂದಳು. ಕೊರಳಿಗೆ ಲಿಂಗ ಕಟ್ಟಿಸಿಕೊಂಡಳು, ಹಣೆಗೆ ವಿಭೂತಿ ಹಚ್ಚಿದಳು, ಕೆಂಚು ಕೂದಲಿಗೆ ದಿನಾ ಎಣ್ಣೆ ಹಾಕಿ ಕಪ್ಪು ಕಾಣುವಂತೆ ಹೆಣೆದುಕೊಂಡಳು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವಳ ಕನ್ನಡ ಓಣಿಯ ಬೇರೆ ಹೆಂಗಸರ ಕನ್ನಡಕ್ಕಿಂತ ಗಟ್ಟಿಯಾಗಿತ್ತು. ಕಾಯಿಪಲ್ಲೆಯವನ ಜೊತೆ ಚೌಕಾಸಿ, ಕುಟ್ಟುವಾಗಿನ ಹಾಡು, ನೆಗೆಣ್ಣಿಯ ಜೊತೆ ಜಗಳ ಎಲ್ಲವೂ ಮೂಡಲಗಿಯ ಮಾತಿನಲ್ಲೇ. ನನಗೆ ಒಂದು ಅಕ್ಷರ ಇಂಗ್ಲಿಷ್ ಕಲಿಸಲಿಲ್ಲ. ಸಾಲಿಯಲ್ಲಿ ಹುಡುಗರು ನನ್ನ ಬೆಕ್ಕಿನ ಕಣ್ಣು ನೋಡಿ ಆಂಗ್ಲೋ ಎಂದು ಕೂಗಿದಾಗ ಅಳುತ್ತ ಬಂದು ಅದರ ಅರ್ಥ ಕೇಳಿದೆ. ಅವ್ವ ಹಿಟ್ಟು ನಾದುತ್ತಿದ್ದಳು.

"ಅದು ನಮ್ಮಪ್ಪನ ಮನಿದು. ನಿಂದಲ್ಲ" ಎಂದಳು. ಅಷ್ಟೇ.

ಅವಳ ಆ ಕನ್ನಡದಿಂದಲೇ ನಾನು ಉಂಡೆ. ಯಮಕನಮರಡಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ಪಗಾರ ಎಣಿಸಿ, ಮೊನ್ನೆ ನಿವೃತ್ತಿಯಾದೆ. ಅಪ್ಪ ತೀರಿದ ಮೇಲೆ ಅವ್ವ ನಮ್ಮ ಜೊತೆ ಹುಕ್ಕೇರಿಗೆ ಬಂದಳು. ನಮಗೆ ಮಕ್ಕಳಿಲ್ಲ. ಸಂಜೆ ಇಬ್ಬರೂ ಕೂತು ಹರಟುವುದೇ ನನಗಿದ್ದ ಸುಖ.

ಆಸ್ಪತ್ರೆಯಿಂದ ಬಂದ ಮೇಲೆ ಆ ಹರಟೆ ನಿಂತಿತು. ಅವ್ವ ಮಾತಾಡುತ್ತಿದ್ದಳು, ಬಹಳ ಮಾತಾಡುತ್ತಿದ್ದಳು. ನನಗೆ ಹರಕು ಮುರುಕು ಸಾಲಿ ಇಂಗ್ಲಿಷ್. ಅವಳದು ವೇಗದ, ಹಲ್ಲಿನ ಸಂದಿಯಿಂದ ಬರುವ ಇಂಗ್ಲಿಷ್. ನೀರು, ಊಟ, ಬೇಡ, ಸಾಕು ಎಂಬುವು ಗೊತ್ತಾಗುತ್ತಿದ್ದವು. ಉಳಿದದ್ದು ಗಾಳಿಗೆ ಹೋಗುತ್ತಿತ್ತು. ನಾನು ಕನ್ನಡದಲ್ಲಿ ಹೇಳಿದ್ದನ್ನು ಅವಳು ಮರ್ಯಾದೆಯಿಂದ ಕೇಳಿಸಿಕೊಂಡು ಮುಗುಳ್ನಗುತ್ತಿದ್ದಳು, ಬಸ್ಸಿನಲ್ಲಿ ಬೇರೆ ಭಾಷೆಯವರು ಮಾತಾಡಿಸಿದಾಗ ನಾವು ನಗುವ ಹಾಗೆ.

ಒಂದು ಶಬ್ದ ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ನಾನು ಖೋಲಿಯೊಳಗೆ ಹೋದಾಗೆಲ್ಲ, ಪಕ್ಕದಲ್ಲಿ ನನ್ನ ಗಂಡನಿದ್ದರೆ ಅವರ ಕಡೆ ತಿರುಗಿ, ಏನೋ ಹೇಳಿ, ನಡುವೆ 'ಕ್ಯಾನರೀಸ್' ಎನ್ನುತ್ತಿದ್ದಳು. ಹೇಳುವಾಗ ಮುಖದಲ್ಲಿ ಸಮಾಧಾನವಿರುತ್ತಿತ್ತು. ಗಂಡ ಯೋಚಿಸಿ, ಏನಾದರೂ ತಿನ್ನುವುದು ಕೇಳುತ್ತಿರಬಹುದು, ಸಣ್ಣಂದಿನಲ್ಲಿ ತಿಂದದ್ದು ನೆನಪಾಗಿರಬಹುದು ಎಂದರು. ನನಗೂ ಹಾಗೇ ಅನಿಸಿತು. ಬಸ್ ಸ್ಟ್ಯಾಂಡ್ ಹತ್ತಿರದ ಬೇಕರಿಗೆ ಹೋಗಿ ಕ್ಯಾನರೀಸ್ ಐತೇನ್ರಿ ಎಂದು ಕೇಳಿದೆ. ಬೇಕರಿಯವನು ತಲೆ ಕೆರೆದುಕೊಂಡು, ಕ್ರೀಮಿಂದು ಏನೋ ಇರಬೇಕು ಎಂದು ಕೆನೆ ತುಂಬಿದ ಬಿಸ್ಕಿಟ್ ಕೊಟ್ಟ. ಅವ್ವ ಅದನ್ನು ಬಹಳ ಖುಷಿಯಿಂದ ತಿಂದಳು. ಹತ್ತಿರ ಹತ್ತಿರ ಒಂದು ತಿಂಗಳು ಅದೇ ಬಿಸ್ಕಿಟ್ ತಂದೆ. ಅವಳ ಒಂದು ಮಾತಾದರೂ ನನಗೆ ತಿಳಿಯಿತಲ್ಲ ಎಂಬ ನೆಮ್ಮದಿ ಆಗ ನನಗಿತ್ತು.

ಬಾಜೂ ಮನೆಯವರು ಜೈನರು. ಮನೆಯಲ್ಲಿ ಅಜ್ಜಿಯ ಜೊತೆ ಮರಾಠಿ, ಹೊರಗೆ ಕನ್ನಡ. ಆ ಮನೆಯ ಸೊಸೆ ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಮೊದಲು ಹೆರಿಗೆಗೆ ತವರಿಗೆ ಹೋಗಿದ್ದವಳು ಕೂಸಿನ ಜೊತೆ ತಿರುಗಿ ಬಂದ ಮೇಲೆ ಅವ್ವನನ್ನು ನೋಡಲು ಬಂದಳು. ಅವಳು ಇಂಗ್ಲಿಷಿನಲ್ಲಿ ಹೇಗಿದ್ದೀರಿ ಎಂದು ಕೇಳಿದ್ದೇ ತಡ, ಅವ್ವ ಎದ್ದು ಕೂತಳು. ಸೆರಗು ಸರಿಮಾಡಿಕೊಂಡಳು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ನಾನು ಚಹಾ ಒಯ್ದಾಗ ಅವ್ವ ನನ್ನ ಕಡೆ ಗದ್ದ ತೋರಿಸಿ ಕ್ಯಾನರೀಸ್ ಎಂದಳು. ನಾನು ನಗುತ್ತ ಬಿಸ್ಕಿಟ್ ಡಬ್ಬಿ ತಂದು ತೆರೆದಿಟ್ಟೆ.

ಉಪನ್ಯಾಸಕಿ ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. ಅವತ್ತು ಕೂಸು ಅಳುತ್ತದೆ ಎಂದು ಎದ್ದು ಹೋದಳು. ಮರುದಿನ ಅಂಗಳದಲ್ಲಿ ನಾನೇ ಬಿಸ್ಕಿಟ್ಟಿನ ಕಥೆ ಹೇಳಿದೆ, ಬೇಕರಿಯವನು ತಲೆ ಕೆರೆದುಕೊಂಡದ್ದನ್ನೂ ಹೇಳಿ ನಕ್ಕೆ. ಅವಳು ನಗಲಿಲ್ಲ.

"ಅಕ್ಕಾರ, ಅದು ತಿನ್ನೂದಲ್ರಿ. ಅದು ನೀವು."

ನನಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಕ್ಯಾನರೀಸ್ ಅಂದರೆ ಕನ್ನಡದವರು. ಇಂಗ್ಲಿಷರು ನಮ್ಮ ಭಾಷೆಗೂ ನಮ್ಮ ಜನಕ್ಕೂ ಇಟ್ಟ ಹೆಸರು. ಈಗ ಯಾರೂ ಬಳಸುವುದಿಲ್ಲ, ಹಳೆಯ ವ್ಯಾಕರಣದ ಪುಸ್ತಕಗಳ ಮೇಲೆ ಕಾಣುತ್ತದೆ. ಅದು ಅವರ ಸ್ವಂತ ಶಬ್ದವೂ ಅಲ್ಲವಂತೆ. ಅವರಿಗಿಂತ ಮೊದಲು ಗೋವೆಗೆ ಬಂದಿಳಿದ ಪೋರ್ಚುಗೀಸರಿಗೆ ನಮ್ಮ ಡಕಾರ ಹೊರಳಲಿಲ್ಲ. ಕನ್ನಡ ಅವರ ಬಾಯಲ್ಲಿ ಕನಾರಾ ಆಯಿತು. ಕರಾವಳಿ ಕನಾರಾ, ಅಲ್ಲಿಯ ಜನ ಕನಾರಿಗಳು. ಕಡೆಗೆ ಕೊಂಕಣಿ ಬಿಟ್ಟು ಒಂದಕ್ಷರ ಕನ್ನಡ ಬಾರದ ಗೋವೆಯವರಿಗೂ ಅದೇ ಹೆಸರು ಬಿತ್ತು, ಬರುಬರುತ್ತ ಅದು ಬೈಗುಳವೂ ಆಯಿತು. ಇಂಗ್ಲಿಷರು ಆ ಕನಾರಾಕ್ಕೆ ಒಂದು ಬಾಲ ಹಚ್ಚಿ ಕ್ಯಾನರೀಸ್ ಮಾಡಿಕೊಂಡರು. ಬಿಜಾಪುರದ ಒಕ್ಕಲಿಗ, ಬೆಳಗಾವಿಯ ವ್ಯಾಪಾರಿ, ಸಮುದ್ರವನ್ನೇ ಕಾಣದ ಮೂಡಲಗಿಯವ ಎಲ್ಲರೂ ಆ ಒಂದೇ ಚೀಲದೊಳಗೆ.

ಮೊದಲು ನನಗೆ ಖರೆ ಹೇಳಬೇಕೆಂದರೆ ಹಿತವೇ ಆಯಿತು. ಜೀವಮಾನವೆಲ್ಲ ಕನ್ನಡ ಕಲಿಸಿದವಳು ನಾನು. ಕನ್ನಡ ಮರೆತ ಅವ್ವ ನನ್ನನ್ನು ಕನ್ನಡದ ಹೆಸರಿನಿಂದಲೇ ಕರೆಯುತ್ತಿದ್ದಾಳೆ ಎನಿಸಿತು. ಪೂರ್ತಿ ಏನು ಹೇಳುತ್ತಾಳೆ ಎಂದು ಕೇಳಿದೆ. ಉಪನ್ಯಾಸಕಿ ಕೂಸನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡಳು. ಹೇಳಲೇಬೇಕಾ ಎಂದಳು. ಹೇಳು ಎಂದೆ.

"'ಈ ಕ್ಯಾನರೀಸ್ ಹೆಂಗಸು ಚಲೋ ಐತಿ, ಕಳವು ಮಾಡಂಗಿಲ್ಲ. ಅಪ್ಪ ಗಿರಣಿಯಿಂದ ಬಂದ ಮ್ಯಾಲೆ ಇಕಿನ್ನ ಕೆಲಸಕ್ಕ ಕಾಯಂ ಇಟ್ಕೋಳಾಕ ಹೇಳ್ತೀನಿ' ಅಂತಾರ್ರಿ."

ನಾನು ಒಳಗೆ ಹೋಗಿ ಒಲೆಯ ಮೇಲಿನ ಹಾಲು ಇಳಿಸಿದೆ. ಅದು ಉಕ್ಕಿರಲಿಲ್ಲ. ಇಳಿಸಬೇಕಾಗಿಯೂ ಇರಲಿಲ್ಲ.

ಸಂಜೆ ಗಂಡನಿಗೆ ಹೇಳಿದೆ. ಅವರು ರೋಗದ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದರು. ಹಚ್ಚಿಕೊಳ್ಳುವುದು ಬಿಡುವುದು ನನ್ನ ಕೈಯಲ್ಲಿರಲಿಲ್ಲ. ಸ್ನಾನ ಮಾಡಿಸುವಾಗ, ಸೀರೆ ಸುತ್ತುವಾಗ, ಅವಳು ನನಗೆ ಥ್ಯಾಂಕ್ಯೂ ಎನ್ನುತ್ತಿದ್ದಳು. ನನ್ನ ಅವ್ವ ನನಗೆ ಎಂದೂ ಹಾಗೆ ಹೇಳಿದವಳಲ್ಲ. ಮೂಡಲಗಿಯ ಅವ್ವ ಬೆನ್ನು ತಿಕ್ಕುವುದು ತಡವಾದರೆ ಕೈಯೆಲ್ಲಿ ಇಟ್ಟೀಯೇ ಎಂದು ಬೈಯುತ್ತಿದ್ದಳು. ಆ ಬೈಗುಳಕ್ಕೆ ನಾನು ಹಂಬಲಿಸಿದೆ.

ಅವ್ವನಿಗೆ ಅವಳ ಜನ ಸಿಕ್ಕರೆ ಒಳ್ಳೆಯದಾದೀತು ಎಂದು ಉಪನ್ಯಾಸಕಿ ಹೇಳಿದಳು. ಅವಳೇ ಅಲ್ಲಿ ಇಲ್ಲಿ ಫೋನು ಮಾಡಿ ಬೆಳಗಾವಿಯ ದಂಡುಪ್ರದೇಶವಾದ ಕ್ಯಾಂಪಿನಲ್ಲಿದ್ದ ಒಬ್ಬ ಮುದುಕರನ್ನು ಹುಡುಕಿದಳು. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಆಂಗ್ಲೋ-ಇಂಡಿಯನ್. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಕೇಕು ಹಿಡಿದು, ಬಸ್ಸಿನಲ್ಲಿ ಹುಕ್ಕೇರಿಗೆ ಬಂದರು. ಅವ್ವ ಅವರ ಜೊತೆ ಮಧ್ಯಾಹ್ನವೆಲ್ಲ ಕಳೆದಳು. ಬಾಗಿಲಾಚೆ ನಿಂತು ಕೇಳಿದೆ. ಅವ್ವ ನಗುತ್ತಿದ್ದಳು. ಗಂಟಲು ಬಿಟ್ಟು ನಗುವ ಆ ನಗೆಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಇಷ್ಟು ವರ್ಷ ಅದನ್ನು ಎಲ್ಲಿಟ್ಟಿದ್ದಳು ಎಂದು ಯೋಚಿಸಿದೆ.

ಹೋಗುವ ಮೊದಲು ಅವರು ಪಡಸಾಲೆಯಲ್ಲಿ ನನ್ನ ಜೊತೆ ಕೂತರು. ಕನ್ನಡ ಚೆನ್ನಾಗಿ ಬರುತ್ತಿತ್ತು, ಕ್ಯಾಂಪಿನ ಹಿಂದಿ ಬೆರೆತ ಕನ್ನಡ. ಅವ್ವ ಏನೇನು ಹೇಳಿದಳು ಎಂದು ಕೇಳಿದೆ. ಕ್ವಾರ್ಟರ್ಸಿನ ನಾಯಿ, ಕ್ರಿಸ್‌ಮಸ್ಸಿನ ದೊಡ್ಡದಿನದ ಕುಣಿತ, ಅಣ್ಣ ಪಿಯಾನೋ ಬಾರಿಸುತ್ತಿದ್ದದ್ದು, ಹೀಗೆ ಹೇಳಿದರು. ನನ್ನ ಅಪ್ಪನ ಬಗ್ಗೆ? ಇಲ್ಲ. ನನ್ನ ಬಗ್ಗೆ? ಅವರು ಟೊಪ್ಪಿಗೆಯ ಅಂಚು ತಿರುಗಿಸಿದರು. ನಾನು ಕ್ಯಾನರೀಸ್ ಎಂಬುದು ನನಗೆ ತಿಳಿದಿದೆ ಎಂದೆ.

ಅವರಿಗೆ ಮಾತು ಸಲೀಸಾಯಿತು. ತಮ್ಮ ಮನೆಯಲ್ಲಿಯೂ ಆ ಶಬ್ದವಿತ್ತು ಎಂದರು. ಆಯಾಗೆ, ಮಾಲಿಗೆ, ಬಟ್ಟೆ ಒಗೆಯುವವರಿಗೆ ಹೇಳುವ ಶಬ್ದ. ಓದಿದ ಕನ್ನಡದವರು ಮನೆಗೆ ಬಂದರೆ ಅವರಿಗೆ ಮಿಸ್ಟರ್ ಎನ್ನುತ್ತಿದ್ದರು, ಕ್ಯಾನರೀಸ್ ಎನ್ನುತ್ತಿರಲಿಲ್ಲ. ಆಮೇಲೆ ತಮ್ಮ ಹೆಸರಿನ ಕಥೆಯನ್ನೂ ಹೇಳಿದರು. ಆಂಗ್ಲೋ-ಇಂಡಿಯನ್ ಎನ್ನುವುದು ಮೊದಲು ಇಲ್ಲಿ ನೌಕರಿಗೆ ಬಂದ ಬಿಳಿಯರು ತಮಗೆ ತಾವೇ ಇಟ್ಟುಕೊಂಡ ಹೆಸರು. ಕೂಡುರಕ್ತದವರಿಗೆ ಯುರೇಶಿಯನ್ ಅನ್ನುತ್ತಿದ್ದರು, ಅದಕ್ಕೂ ಕೀಳಾದದ್ದೂ ಇತ್ತು. ಬಹಳ ಬೇಡಿಕೊಂಡ ಮೇಲೆ ಸರಕಾರ ಆ ಹೆಸರನ್ನು ಇವರಿಗೆ ಕೊಟ್ಟಿತು.

"ಸಾಹೇಬರು ತೊಟ್ಟು ಬಿಟ್ಟ ಕೋಟ್ ನಮ್ಮ ಮೈಗೆ ಬಂತು ನೋಡ್ರಿ. ಈಗ ಅದನ್ನ ತೊಡಾವ್ರೂ ಇಲ್ಲ. ಅಸೆಂಬ್ಲಿಯೊಳಗ ನಮಗ ಇಟ್ಟಿದ್ದ ಕುರ್ಚೀನೂ ತಗದ್ರು. ಹುಡುಗ್ರು ಎಲ್ಲಾ ಆಸ್ಟ್ರೇಲಿಯಾದ ಪರ್ತ್‌ದಾಗ."

ನಾನು ಆಗ ಕೇಳಬಾರದಿತ್ತೇನೋ, ಆದರೆ ಕೇಳಿದೆ. ಹಾಗಾದರೆ ನಾನೂ ಅರ್ಧ ಆಂಗ್ಲೋ-ಇಂಡಿಯನ್ ಅಲ್ಲವೇನ್ರಿ?

ಅವರು ಅಲ್ಲವೆಂದು ತಲೆಯಾಡಿಸಿದರು. ಸಂವಿಧಾನದಲ್ಲೇ ಬರೆದಿದೆಯಂತೆ. ಅಪ್ಪನ ಕಡೆಯಿಂದ, ಗಂಡಸರ ಸಾಲಿನಲ್ಲಿ ಯುರೋಪಿನ ಮೂಲವಿರಬೇಕು. ಅವ್ವನ ಕಡೆಯಿಂದ ಬಂದದ್ದು ಲೆಕ್ಕಕ್ಕಿಲ್ಲ.

"ನಿಮ್ಮ ತಾಯಿ ಹೌದ್ರಿ. ನೀವಲ್ಲ" ಎಂದರು. ಬೇಸರದಿಂದಲೇ ಎಂದರು.

ಅಂದರೆ ಅವ್ವ ಹಿಟ್ಟು ನಾದುತ್ತ ನನಗೆ ಹೇಳಿದ್ದು ಕಾಯ್ದೆಯ ಮಾತೇ ಆಗಿತ್ತು. ಅವಳಿಗೆ ಅದು ಗೊತ್ತಿತ್ತೋ, ಅಥವಾ ನನ್ನನ್ನು ಸಾಲಿಯ ಹುಡುಗರಿಂದ ಉಳಿಸಲು ಹಾಗೆ ಹೇಳಿದಳೋ, ಕೇಳಲು ಆ ಅವ್ವ ಇರಲಿಲ್ಲ.

ಫಾಲ್ಸಿಗೆ ಒಮ್ಮೆ ಕರೆದೊಯ್ಯಿರಿ, ಮನೆಗೆ ಹೋಗಬೇಕು ಎನ್ನುತ್ತಿದ್ದಾಳೆ ಎಂದು ಆ ಹಿರಿಯರು ಹೇಳಿದ್ದರಿಂದ ನಾವು ಒಂದು ಆದಿತ್ಯವಾರ ಗಾಡಿ ಮಾಡಿಕೊಂಡು ಹೋದೆವು. ಮಳೆಗಾಲ ಮುಗಿದಿತ್ತು, ಘಟಪ್ರಭೆಯಲ್ಲಿ ಕೆಂಪು ನೀರು ಇನ್ನೂ ಇತ್ತು. ತೂಗುಸೇತುವೆಯ ಹತ್ತಿರ ಹುಡುಗ ಹುಡುಗಿಯರು ಫೋಟೋ ತೆಗೆದುಕೊಳ್ಳುತ್ತಿದ್ದರು. ಅವ್ವನ ಕ್ವಾರ್ಟರ್ಸು ಯಾವುದೆಂದು ಯಾರಿಗೂ ಹೇಳಲಾಗಲಿಲ್ಲ. ಅವಳು ಗಾಡಿಯಿಂದ ಇಳಿಯಲೂ ಒಪ್ಪಲಿಲ್ಲ. ಕಿಟಕಿಯಿಂದ ಮೆಕ್ಕೆತೆನೆ ಮಾರುವ ಹೆಂಗಸರನ್ನು ನೋಡಿದಳು. ಇಷ್ಟು ಜನ ಕ್ಯಾನರೀಸರು ಯಾಕೆ ಇಲ್ಲಿಗೆ ಬಂದಿದ್ದಾರೆ ಎಂದು ಕೇಳಿದಳು. ಅಷ್ಟೊತ್ತಿಗೆ ಅಷ್ಟು ಇಂಗ್ಲಿಷ್ ನನಗೆ ತಿಳಿಯುತ್ತಿತ್ತು.

ಏಕೆಂದರೆ ನಾನು ಕಲಿಯಲು ಕೂತಿದ್ದೆ. ಉಪನ್ಯಾಸಕಿ ಸಂಜೆ ಕೂಸನ್ನು ನನ್ನ ತೊಡೆಯ ಮೇಲೆ ಬಿಟ್ಟು ಕಲಿಸುತ್ತಿದ್ದಳು. ಹಸಿವಾಗಿದೆಯಾ, ಎಲ್ಲಿ ನೋಯುತ್ತದೆ, ತಲೆ ಬಾಚಲಾ. ರೊಟ್ಟಿ ಬಡಿಯುತ್ತ ಅವನ್ನೇ ಹೇಳಿಕೊಳ್ಳುತ್ತಿದ್ದೆ. ಜೀವಮಾನವೆಲ್ಲ ಮಕ್ಕಳ ಉಚ್ಚಾರ ತಿದ್ದಿದ ನನ್ನ ನಾಲಿಗೆ ಸಣ್ಣ ಸಣ್ಣ ಶಬ್ದಕ್ಕೆ ತೊಡರುತ್ತಿತ್ತು. ಆದರೂ ಬಿಡಲಿಲ್ಲ. ಆ ಹಿರಿಯರು ಮತ್ತೆ ಬರುತ್ತೇನೆ ಎಂದಿದ್ದರು, ಬರಲಾಗಲಿಲ್ಲ. ಅವರ ಹೃದಯದ ಆಪರೇಶನ್ ಆಯಿತು, ಮಗಳು ಬಂದು ತನ್ನ ಜೊತೆ ಕರೆದೊಯ್ದಳು. ಅವ್ವ ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದಳು. ಇನ್ನು ಅವಳ ಜೊತೆ ಆ ಮಾತಿನಲ್ಲಿ ಆಡಬೇಕಾದವಳು ನಾನೇ ಎಂದು ನನಗೆ ಅನಿಸಿತು.

ಒಂದು ಮಧ್ಯಾಹ್ನ ಅಂಗಳದಲ್ಲಿ ಅವ್ವನ ತಲೆ ಬಾಚುತ್ತಿದ್ದೆ. ಎಣ್ಣೆ ಹಾಕುವುದನ್ನು ಅವಳು ಬಿಡಿಸಿದ್ದಳು. ಕೂದಲು ಬಿಸಿಲಿಗೆ ಬೆಳ್ಳಗೆ, ಅಲ್ಲಲ್ಲಿ ಇನ್ನೂ ಕೆಂಚಗೆ ಕಾಣುತ್ತಿತ್ತು. ಅವಳ ಮುಂದೆ ಬಂದು ಕೂತೆ. ಬಹಳ ದಿನದಿಂದ ರೂಢಿ ಮಾಡಿದ್ದ ಮಾತನ್ನು ನಿಧಾನವಾಗಿ ಹೇಳಿದೆ.

"ಐ ಆ್ಯಮ್ ಯುವರ್ ಡಾಟರ್."

ಅವ್ವ ನನ್ನ ಮುಖವನ್ನು ಗಮನವಿಟ್ಟು ನೋಡಿದಳು. ನನ್ನ ಕಣ್ಣು ಅವಳದೇ ಕಣ್ಣು. ಅವಳು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು. ಯಾರೂ ಅರ್ಥ ಹೇಳಬೇಕಾಗಲಿಲ್ಲ.

ಕ್ಯಾನರೀಸ್ ಹೆಂಗಸಿನ ಮಟ್ಟಿಗೆ ನಿನ್ನ ಇಂಗ್ಲಿಷ್ ಬಹಳ ಚೆನ್ನಾಗಿದೆ, ಯಾರು ಕಲಿಸಿದರು ಎಂದಳು.

ನೀನಂತೂ ಕಲಿಸಲಿಲ್ಲ ಎನ್ನಬೇಕೆನಿಸಿತು. ಅದನ್ನು ಹೇಳುವಷ್ಟು ಇಂಗ್ಲಿಷ್ ನನ್ನ ಬಳಿ ಇರಲಿಲ್ಲ. ಹಿಂದೆ ಹೋಗಿ ಕೂತು ಹೆರಳು ಹಾಕಿ ಮುಗಿಸಿದೆ. ಅವ್ವ ಥ್ಯಾಂಕ್ಯೂ ಎಂದಳು.

ಆಮೇಲೆ ಇಂಗ್ಲಿಷೂ ಕಡಿಮೆಯಾಗುತ್ತ ಬಂತು. ಎರಡನೆಯ ಸಲ ಲಕ್ವಾ ಹೊಡೆದ ಮೇಲೆ ಬರೀ ಸಪ್ಪಳ ಉಳಿಯಿತು, ಯಾವ ಭಾಷೆಯದೂ ಅಲ್ಲ. ನಾನು ಆಗ ಕನ್ನಡದಲ್ಲೇ ಮಾತಾಡಿದೆ. ತಿಳಿಯದಿದ್ದರೂ ಕೇಳಿಸಲಿ ಎಂದು ಮೂಡಲಗಿಯ ಓಣಿಯ ಸುದ್ದಿಯೆಲ್ಲ ಹೇಳಿದೆ. ಒಂದು ಬೆಳಗ್ಗೆ ಉಸಿರು ನಿಂತಿತ್ತು.

ಎಲ್ಲಿ ಮಣ್ಣು ಮಾಡಬೇಕು ಎಂಬ ಪ್ರಶ್ನೆ ಬಂತು. ಕೂರಿಸಿ ಹೂಳಬೇಕೋ ಮಲಗಿಸಿಯೋ, ಅಯ್ಯನವರನ್ನು ಕರೆಯಬೇಕೋ ಪಾದ್ರಿಯನ್ನೋ. ಮಾತು ಇದ್ದಾಗ ಉಪನ್ಯಾಸಕಿಯಿಂದ ಒಮ್ಮೆ ಇದನ್ನು ಕೇಳಿಸಿದ್ದೆ. ಅಪ್ಪನನ್ನು ಕೇಳಿ ಎಂದಿದ್ದಳಂತೆ. ಯಾರ ಅಪ್ಪನೆಂದು ಉಪನ್ಯಾಸಕಿಗೂ ತಿಳಿದಿರಲಿಲ್ಲ. ಕಡೆಗೆ ಮೂಡಲಗಿಯಲ್ಲಿ ನಮ್ಮ ಹೊಲದ ಬದಿಗೆ, ಅಪ್ಪನ ಪಕ್ಕದಲ್ಲಿ, ಆ ಮನೆಯ ಪದ್ಧತಿಯಂತೆ ಕೂರಿಸಿದೆವು. ಅದು ಸರಿಯೋ ತಪ್ಪೋ ನನಗೆ ಇವತ್ತಿಗೂ ಗೊತ್ತಿಲ್ಲ.

ಎಲ್ಲ ಮುಗಿದ ಮೇಲೆ ಓಣಿಯ ಹಿರಿಯ ಹೆಂಗಸೊಬ್ಬಳು, ಅವ್ವನ ಜೊತೆ ಕುಟ್ಟುತ್ತಿದ್ದವಳು, ನನ್ನ ಪಕ್ಕ ಬಂದು ಕೂತಳು. ಅವ್ವನ ಹಾಗೆ ಹಾಡು ಹೇಳುವವರು ಈಗ ಈ ಊರಲ್ಲಿ ಇಲ್ಲ ಎಂದು ಕಣ್ಣೊರೆಸಿಕೊಂಡಳು.

"ಕಡೀಕ ಏನರ ಅಂದಳೇನವ್ವಾ? ನಮ್ಮನ್ನ ಯಾರನ್ನರ ನೆನಸಿದಳೇನ?"

ಇಲ್ಲ, ಮಾತು ನಿಂತಿತ್ತು ಎಂದೆ. ನಾನು ಇನ್ನೇನಾದರೂ ಹೇಳುತ್ತೇನೇನೋ ಎಂದು ಅವಳು ನನ್ನ ಮುಖ ನೋಡಿದಳು. ಗಂಡ ಗಾಡಿಯ ಹತ್ತಿರ ನಿಂತು ಕರೆದರು. ಸೀರೆಗೆ ಹತ್ತಿದ ಮಣ್ಣು ಕೊಡವಿಕೊಂಡು ಎದ್ದೆ.